ಎಂಟು ಜಿಲ್ಲೆಗಳ ಒಂದೇ ಹೆಸರು

ಅಥಣಿಯಲ್ಲಿ ಹೊಲಿದ ಚಪ್ಪಲಿ ಕೊಲ್ಹಾಪುರದ ಅಂಗಡಿಗೆ ಹೋಗಿ ‘ಕೊಲ್ಹಾಪುರಿ’ ಅನ್ನಿಸಿಕೊಳ್ಳುವುದು ಇಂದು ನಿನ್ನೆಯ ಮಾತಲ್ಲ. ಅಥಣಿ, ನಿಪ್ಪಾಣಿ, ಚಿಕ್ಕೋಡಿ, ರಾಯಬಾಗ ಸೀಮೆಯ ಸಮಗಾರರು ಹೊಲಿದರು, ಕೊಲ್ಹಾಪುರದ ವ್ಯಾಪಾರಿಗಳು ಮಾರಿದರು. ಪೇಟೆಯ ಹೆಸರೇ ಮಾಲಿಗೆ ಅಂಟಿತು.

ಆಗ ಗಡಿಯ ಅಡ್ಡಿಯೂ ಇರಲಿಲ್ಲ. ರಾಯಬಾಗ ಕೊಲ್ಹಾಪುರ ಸಂಸ್ಥಾನಕ್ಕೇ ಸೇರಿತ್ತು. ಅಥಣಿ, ಚಿಕ್ಕೋಡಿ ಮುಂಬಯಿ ಪ್ರಾಂತದ ಬೆಳಗಾವಿ ಜಿಲ್ಲೆಯಲ್ಲಿದ್ದವು. 1894ರಿಂದ 1922ರವರೆಗೆ ಆಳಿದ ಶಾಹೂ ಮಹಾರಾಜರು ಈ ಕಸುಬಿಗೆ ಒತ್ತಾಸೆಯಾಗಿ ನಿಂತರು. 1949ರಲ್ಲಿ ಸಂಸ್ಥಾನ ಮುಂಬಯಿ ರಾಜ್ಯದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ಬೆಳಗಾವಿ ಮೈಸೂರು ರಾಜ್ಯಕ್ಕೆ ಬಂದು, ಕೊಲ್ಹಾಪುರ ಆಚೆ ಉಳಿದ ಮೇಲೂ ಚರ್ಮದ ಹದ, ಹೊಲಿಗೆ, ವ್ಯಾಪಾರ ಹಳೆಯ ದಾರಿಯಲ್ಲೇ ನಡೆದವು.

ಆ ಹೊಲಿಗೆಯ ಪರಿಯನ್ನು ನೋಡಬೇಕು. ಜಾಲಿ ತೊಗಟೆ, ಅಳಲೆಕಾಯಿಯ ನೀರಿನಲ್ಲಿ ನೆನೆದು ಹದವಾದ ಚರ್ಮ, ದಪ್ಪನೆಯ ಅಟ್ಟೆ. ಮೊಳೆ ಹೊಡೆಯುವುದಿಲ್ಲ, ಚರ್ಮದ ದಾರದಿಂದಲೇ ಬಿಗಿಯುತ್ತಾರೆ. ಗಂಡಸರು ಅಟ್ಟೆ ಕತ್ತರಿಸಿ ಹೊಲಿದರೆ, ಮೇಲಿನ ಪಟ್ಟಿಯ ಹೆಣಿಗೆ, ಚಿತ್ತಾರ ಹೆಣ್ಣುಮಕ್ಕಳ ಕೈಗೆಲಸ. ಬಸವಣ್ಣನಿಗಾಗಿ ತಮ್ಮ ತೊಡೆಯ ಚರ್ಮದಿಂದಲೇ ಚಮ್ಮಾವುಗೆ ಮಾಡಿದರೆಂದು ಶರಣರ ಕಥೆಗಳು ಹೇಳುವ ಹರಳಯ್ಯ–ಕಲ್ಯಾಣಮ್ಮ ದಂಪತಿಯನ್ನು ಸಮಗಾರರು ತಮ್ಮ ಹಿರಿಯರೆಂದು ನೆನೆಯುತ್ತಾರೆ. 1990ರ ದಶಕದ ಕೊನೆಗೆ ಅಥಣಿಯ ಹೆಂಗಸರು ಸ್ವಸಹಾಯ ಸಂಘಗಳನ್ನು ಕಟ್ಟಿ, ‘ಟೋಹೋಲ್ಡ್’ ಹೆಸರಿನಲ್ಲಿ ಹೊರದೇಶಗಳಿಗೂ ಮಾಲು ಕಳಿಸತೊಡಗಿದರು.

ಭೌಗೋಳಿಕ ಸೂಚಕಗಳ 1999ರ ಕಾಯಿದೆ 2003ರಲ್ಲಿ ಜಾರಿಗೆ ಬಂದ ಮೇಲೆ, ಹೆಸರಿನ ಹಕ್ಕು ಯಾರದೆಂದು ಗೊತ್ತುಮಾಡಲೇಬೇಕಾಯಿತು. ಎರಡು ರಾಜ್ಯಗಳು ಎರಡು ನೋಂದಣಿ ಕೇಳಬಹುದಿತ್ತು. ಕರ್ನಾಟಕದ ಲಿಡ್ಕರ್, ಮಹಾರಾಷ್ಟ್ರದ ಲಿಡ್ಕಾಂ ಎಂಬ ಚರ್ಮೋದ್ಯಮ ನಿಗಮಗಳು ಒಂದನ್ನೇ ಕೇಳಿದವು. 2019ರಲ್ಲಿ ಬೆಳಗಾವಿ, ಧಾರವಾಡ, ಬಾಗಲಕೋಟೆ, ವಿಜಯಪುರ, ಕೊಲ್ಹಾಪುರ, ಸಾಂಗ್ಲಿ, ಸಾತಾರಾ, ಸೊಲ್ಲಾಪುರ ಜಿಲ್ಲೆಗಳಿಗೆ ಸೇರಿ ‘ಕೊಲ್ಹಾಪುರಿ ಚಪ್ಪಲಿ’ ಎಂಬ ಒಂದೇ ಸೂಚಕ ದಕ್ಕಿತು. ಎಂಟೂ ಜಿಲ್ಲೆಗಳಿಗೆ ಆ ಒಂದೇ ದಾಖಲೆ.

ಅದೇ ಸರಿಯಾದ ತೀರ್ಮಾನ. ಬೇರೆ ನೋಂದಣಿಯಾಗಿದ್ದರೆ ಅಥಣಿಯವರು ಹೊಸ ಹೆಸರು ಹೊತ್ತು ಪೇಟೆಗೆ ಮೊದಲಿನಿಂದ ಪರಿಚಯ ಹೇಳಿಕೊಳ್ಳಬೇಕಿತ್ತು. ಹಳೆಯ ಹೆಸರನ್ನು ಬೆಳೆಸಿದ ಬೆವರಿನಲ್ಲಿ ಅವರ ಪಾಲೂ ಇರುವಾಗ ಅದು ಅನ್ಯಾಯವೇ ಆಗುತ್ತಿತ್ತು.

2025ರ ಜೂನ್‌ನಲ್ಲಿ ಇಟಲಿಯ ಪ್ರಾಡಾ ಕಂಪನಿ ಮಿಲಾನ್‌ನ ಪ್ರದರ್ಶನದಲ್ಲಿ ಇದೇ ಬಗೆಯ ಚಪ್ಪಲಿ ತೋರಿಸಿ, ಮೂಲವನ್ನು ಹೇಳಲಿಲ್ಲ. ಆಕ್ಷೇಪ ಎದ್ದ ಮೇಲೆ, ಭಾರತದ ಸಾಂಪ್ರದಾಯಿಕ ಪಾದರಕ್ಷೆಯೇ ಪ್ರೇರಣೆ ಎಂದು ಒಪ್ಪಿತು. ಡಿಸೆಂಬರ್‌ನಲ್ಲಿ 2,000 ಜೋಡಿ ಚಪ್ಪಲಿಗಳನ್ನು ಎರಡೂ ರಾಜ್ಯಗಳಲ್ಲಿ ಮಾಡಿಸುವ ಯೋಜನೆ ಪ್ರಕಟವಾಯಿತು. ಲಿಡ್ಕರ್, ಲಿಡ್ಕಾಂ ಎರಡೂ ಆ ಒಪ್ಪಂದದ ಪಾಲುದಾರರು.