ಆಟೋಪೈಲಟ್ ಏನು ಮಾಡುತ್ತದೆ, ಏನು ಮಾಡುವುದಿಲ್ಲ

"ಈಗ ಪೈಲಟ್ ಸುಮ್ಮನೆ ಕೂರುವುದು ಮಾತ್ರ, ಎಲ್ಲ ಕಂಪ್ಯೂಟರೇ ಮಾಡುವುದು." ಗಲ್ಫ್‌ನಿಂದ ರಜೆಗೆ ಬಂದವರು ಉಪ್ಪಳದ ನನ್ನ ಅಂಗಡಿಯಲ್ಲಿ ಕೂತು ಹೀಗೆ ಹೇಳುವುದನ್ನು ಎಷ್ಟೋ ಸಲ ಕೇಳಿದ್ದೇನೆ. ಮಾತು ಅರ್ಧ ಸರಿ. ಉಳಿದ ಅರ್ಧ ಗೊತ್ತಿಲ್ಲದಿದ್ದರೆ 2010ರ ಮಂಗಳೂರು ವಿಮಾನ ದುರಂತ ಯಾಕಾಯಿತು ಎಂಬುದು ಅರ್ಥವಾಗುವುದಿಲ್ಲ.

ಆಟೋಪೈಲಟ್ ಹೊಸ ವಸ್ತುವೇನಲ್ಲ. 1914ರಲ್ಲೇ ಪ್ಯಾರಿಸ್ ಹತ್ತಿರ ಅಮೆರಿಕದ ಲಾರೆನ್ಸ್ ಸ್ಪೆರಿ ಎಂಬ ಯುವಕ ಹಾರುತ್ತಿರುವ ವಿಮಾನದಲ್ಲಿ ಎರಡೂ ಕೈ ಮೇಲೆತ್ತಿ ತೋರಿಸಿದ. ಜೊತೆಗಿದ್ದ ಮೆಕ್ಯಾನಿಕ್ ರೆಕ್ಕೆಯ ಮೇಲೆ ನಡೆದುಹೋದ, ಆದರೂ ವಿಮಾನ ವಾಲಲಿಲ್ಲ. ಒಳಗಿದ್ದದ್ದು ಗೈರೋಸ್ಕೋಪ್. ಬುಗುರಿ ಜೋರಾಗಿ ತಿರುಗುವಾಗ ಬೀಳದೆ ನೆಟ್ಟಗೆ ನಿಲ್ಲುತ್ತದಲ್ಲ, ಅದೇ ತತ್ವ. ವಿಮಾನ ವಾಲಿದರೂ ಅದು ವಾಲುವುದಿಲ್ಲ, ಹಾಗಾಗಿ ಎಷ್ಟು ವಾಲಿದೆ ಎಂದು ತಿಳಿಯುತ್ತದೆ.

ಇವತ್ತಿನ ವಿಮಾನಗಳಲ್ಲಿ ಬುಗುರಿಯ ಬದಲು ಲೇಸರ್ ಗೈರೋ ಉಂಟು. ಮೂತಿಯ ಹೊರಗಿರುವ ಪಿಟೋ ಎಂಬ ಸಣ್ಣ ಕೊಳವೆಗಳು ಗಾಳಿಯ ಒತ್ತಡದಿಂದ ವೇಗ ಅಳೆಯುತ್ತವೆ. ನೆಲ ಹತ್ತಿರವಾದಾಗ ರೇಡಿಯೋ ಆಲ್ಟಿಮೀಟರ್ ಎತ್ತರ ಹೇಳುತ್ತದೆ. ಇವೆಲ್ಲ ಕಂಪ್ಯೂಟರಿಗೆ ಹೋಗುತ್ತವೆ. ನಾನು ಬಿ.ಕಾಂ. ಓದಿದವನು, ನನಗೆ ಇದು ಬಜೆಟ್ ಲೆಕ್ಕದ ಹಾಗೆ ಕಂಡಿತು: ಆಗಬೇಕಾದದ್ದು ಎಷ್ಟು, ಆದದ್ದು ಎಷ್ಟು, ವ್ಯತ್ಯಾಸ ಎಷ್ಟು. ನಾವು ಈ ಲೆಕ್ಕವನ್ನು ತಿಂಗಳಿಗೊಮ್ಮೆ ನೋಡುತ್ತೇವೆ, ಕಂಪ್ಯೂಟರ್ ಸೆಕೆಂಡಿಗೆ ಹಲವು ಸಲ ನೋಡುತ್ತದೆ. ವ್ಯತ್ಯಾಸ ಕಂಡ ಕೂಡಲೇ ಮೋಟಾರುಗಳ ಮೂಲಕ ರೆಕ್ಕೆಯ ಮತ್ತು ಬಾಲದ ಪಟ್ಟಿಗಳನ್ನು ಅಲುಗಿಸುತ್ತದೆ. ಗುರಿ ಹತ್ತಿರವಾದಂತೆ ತಿದ್ದುಪಡಿಯನ್ನು ಕಡಿಮೆ ಮಾಡುತ್ತಾ ಬರುತ್ತದೆ, ಇಲ್ಲದಿದ್ದರೆ ವಿಮಾನ ಉಯ್ಯಾಲೆಯ ಹಾಗೆ ಮೇಲೆ ಕೆಳಗೆ ಆಡುತ್ತಿತ್ತು. ಎಂಜಿನ್‌ನ ಶಕ್ತಿ ನೋಡಿಕೊಳ್ಳಲು ಆಟೋಥ್ರಾಟಲ್ ಎಂಬ ಬೇರೆಯೇ ವ್ಯವಸ್ಥೆ ಇದೆ.

"ಆಗಬೇಕಾದದ್ದು ಎಷ್ಟು" ಎಂದು ಹೇಳುವವರು ಮಾತ್ರ ಪೈಲಟ್‌ಗಳು. ಎತ್ತರ, ದಿಕ್ಕು, ವೇಗ, ಹೋಗಬೇಕಾದ ದಾರಿ ಎಲ್ಲವನ್ನೂ ಅವರೇ ತುಂಬಿಸಬೇಕು. ಟೇಕಾಫ್ ಅವರ ಕೈಯಲ್ಲೇ ಆಗುತ್ತದೆ, ಹೆಚ್ಚಿನ ಲ್ಯಾಂಡಿಂಗ್ ಕೂಡ. ದೆಹಲಿಯಂಥ ಕಡೆ ದಟ್ಟ ಮಂಜಿನಲ್ಲಿ ತಾನಾಗಿಯೇ ಇಳಿಯುವ ಸೌಲಭ್ಯ ಉಂಟು, ಆದರೆ ಅದಕ್ಕೆ ರನ್‌ವೇಯಲ್ಲೂ ವಿಮಾನದಲ್ಲೂ ವಿಶೇಷ ಉಪಕರಣ ಬೇಕು, ಪೈಲಟ್‌ಗೆ ಬೇರೆ ತರಬೇತಿಯೂ ಬೇಕು.

ಯಂತ್ರಕ್ಕೆ ಸಿಗುವ ಮಾಹಿತಿಯೇ ತಪ್ಪಾದರೆ? 2009ರ ಫೆಬ್ರವರಿಯಲ್ಲಿ ಆಮ್‌ಸ್ಟರ್‌ಡ್ಯಾಮ್‌ನಲ್ಲಿ ಇಳಿಯಲಿದ್ದ ಟರ್ಕಿಶ್ ಏರ್‌ಲೈನ್ಸ್‌ನ ಬೋಯಿಂಗ್ 737-800ರಲ್ಲಿ ಒಂದು ರೇಡಿಯೋ ಆಲ್ಟಿಮೀಟರ್ ಕೆಟ್ಟು, ಸುಮಾರು 2,000 ಅಡಿ ಮೇಲಿದ್ದಾಗಲೇ ನೆಲ ಮುಟ್ಟಿಯಾಯಿತು ಎಂಬಂತೆ ತೋರಿಸಿತು. ಆಟೋಥ್ರಾಟಲ್ ಅದನ್ನು ನಂಬಿ ಎಂಜಿನ್‌ನ ಶಕ್ತಿ ಇಳಿಸಿತು. ಆಟೋಪೈಲಟ್ ಮಾತ್ರ ಇಳಿಯುವ ದಾರಿ ತಪ್ಪಬಾರದೆಂದು ಮೂತಿಯನ್ನು ಎತ್ತುತ್ತಲೇ ಹೋಯಿತು. ವೇಗ ಕುಸಿಯುತ್ತಿರುವುದನ್ನು ಪೈಲಟ್‌ಗಳು ಗಮನಿಸುವಾಗ ತಡವಾಗಿತ್ತು. 9 ಮಂದಿ ಸತ್ತರು. ಅದೇ ವರ್ಷ ಜೂನ್ 1ರಂದು ಅಟ್ಲಾಂಟಿಕ್ ಸಾಗರದ ಮೇಲೆ ಏರ್ ಫ್ರಾನ್ಸ್ ವಿಮಾನದ ಪಿಟೋ ಕೊಳವೆಗಳಲ್ಲಿ ಮಂಜುಗಡ್ಡೆ ಕಟ್ಟಿತು. ಅಲ್ಲಿ ಆಟೋಪೈಲಟ್ ತನ್ನಿಂದಾಗದು ಎಂದು ಕೈಬಿಟ್ಟಿತು. ರಾತ್ರಿಯ ಹೊತ್ತು ಇದ್ದಕ್ಕಿದ್ದಂತೆ ವಿಮಾನ ಕೈಗೆ ಬಂದ ಪೈಲಟ್‌ಗಳು ಗೊಂದಲಕ್ಕೆ ಬಿದ್ದರು. 228 ಮಂದಿಯಲ್ಲಿ ಒಬ್ಬರೂ ಉಳಿಯಲಿಲ್ಲ.

ಮಂಗಳೂರಿನದು ಇವೆರಡರ ಹಾಗಲ್ಲ. 2010ರ ಮೇ 22, ಶನಿವಾರ ಬೆಳಗ್ಗೆ ದುಬೈಯಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ಕೂಡ 737-800 ವಿಮಾನವೇ. ಒಳಗೆ 166 ಮಂದಿ, ಬದುಕಿದವರು 8 ಮಂದಿ. ತೀರಿಹೋದ 158 ಜನರಲ್ಲಿ ಕಾಸರಗೋಡು ಮತ್ತು ದಕ್ಷಿಣ ಕನ್ನಡದವರು ತುಂಬ ಇದ್ದರು. ಕಾರಣ ವಿಮಾನದ ದೋಷವಲ್ಲ ಎಂದು ತನಿಖಾ ವರದಿ ಹೇಳಿತು. ಕಾಕ್‌ಪಿಟ್‌ನ ಎರಡು ಗಂಟೆಯ ಧ್ವನಿಮುದ್ರಣದಲ್ಲಿ ಮೊದಲ 1 ಗಂಟೆ 40 ನಿಮಿಷ ಕ್ಯಾಪ್ಟನ್ ನಿದ್ದೆಯಲ್ಲಿದ್ದರು, ಗೊರಕೆಯ ಸದ್ದು ದಾಖಲಾಗಿತ್ತು. ಅಷ್ಟು ಹೊತ್ತು ವಿಮಾನಕ್ಕೆ ಏನೂ ಆಗಲಿಲ್ಲ. ಆಟೋಪೈಲಟ್ ಹೇಳಿದ ಎತ್ತರದಲ್ಲಿ, ಹೇಳಿದ ದಾರಿಯಲ್ಲೇ ಹಾರಿಸಿಕೊಂಡು ಬಂತು.

ಆ ದಿನ ಮಂಗಳೂರಿನ ರೇಡಾರ್ ಕೆಲಸ ಮಾಡುತ್ತಿರಲಿಲ್ಲ, ಹಾಗಾಗಿ ಇಳಿಯಲು ಶುರುಮಾಡಿದ್ದೇ ತಡವಾಯಿತು. ವಿಮಾನ ಸಾಮಾನ್ಯವಾಗಿ 3 ಡಿಗ್ರಿ ಇಳಿಜಾರಿನಲ್ಲಿ ಬರಬೇಕು, ಅಂದರೆ ಒಂದು ನಾಟಿಕಲ್ ಮೈಲಿಗೆ ಸುಮಾರು 300 ಅಡಿ ಇಳಿಯಬೇಕು. ಇದು ಇರಬೇಕಾದ ಎತ್ತರದ ಹೆಚ್ಚುಕಡಿಮೆ ಎರಡು ಪಟ್ಟು ಮೇಲಿತ್ತು. ಅಷ್ಟರಲ್ಲಿ ಕ್ಯಾಪ್ಟನ್ ಆಟೋಪೈಲಟ್ ಆಫ್ ಮಾಡಿ ವಿಮಾನವನ್ನು ತುಂಬ ವೇಗವಾಗಿ ಕೆಳಗಿಳಿಸಿದರು. ಎಚ್ಚರಿಕೆ ಯಂತ್ರ 'ಸಿಂಕ್ ರೇಟ್', 'ಪುಲ್ ಅಪ್' ಎಂದು ಕೂಗುತ್ತಲೇ ಇತ್ತು. ಆದರೆ ಆ ಯಂತ್ರಕ್ಕೆ ಕೂಗಲು ಮಾತ್ರ ಗೊತ್ತು, ವಿಮಾನವನ್ನು ಮೇಲೆತ್ತುವ ಅಧಿಕಾರ ಅದಕ್ಕಿಲ್ಲ. ಸಹಪೈಲಟ್ ಮೂರು ಸಲ 'ಗೋ ಅರೌಂಡ್' ಎಂದರು. ಇಳಿಯುವುದು ಬೇಡ, ಮೇಲೆ ಹೋಗಿ ಇನ್ನೊಮ್ಮೆ ಬರೋಣ ಎಂದು ಅದರ ಅರ್ಥ. ಅದಕ್ಕೆಂದೇ ಥ್ರಾಟಲ್‌ನಲ್ಲಿ ಒಂದು ಗುಂಡಿ ಇರುತ್ತದೆ, ಒತ್ತಿದರೆ ಮೇಲೇರಲು ಬೇಕಾದ ಎಂಜಿನ್ ಶಕ್ತಿಯೂ ಮಾರ್ಗದರ್ಶನವೂ ಸಿಗುತ್ತದೆ. ಒತ್ತಬೇಕೋ ಬೇಡವೋ ಎಂದು ತೀರ್ಮಾನಿಸುವುದು ಮನುಷ್ಯ.

ಸುಮಾರು 8,000 ಅಡಿ ಉದ್ದದ ರನ್‌ವೇಯಲ್ಲಿ 5,200 ಅಡಿ ದಾಟಿದ ಮೇಲೆ ಚಕ್ರ ನೆಲ ಮುಟ್ಟಿತು. ಬಜ್ಪೆಯದು ಗುಡ್ಡದ ನೆತ್ತಿಯ ರನ್‌ವೇ, ತುದಿಯಾಚೆ ಕಮರಿ. ನೆಲ ಮುಟ್ಟಿದ ಮೇಲೆ ಕ್ಯಾಪ್ಟನ್ ಮತ್ತೆ ಮೇಲೇರಿಸಲು ನೋಡಿದರು, ಆಗ ಜಾಗ ಉಳಿದಿರಲಿಲ್ಲ.

ಕಳೆದ ಮಳೆಗಾಲದಲ್ಲಿ ಊರಿಗೆ ಬಂದ ಕಾಕ ಒಬ್ಬರು ಅಂಗಡಿಯಲ್ಲಿ ಸಿಟ್ಟಾಗಿದ್ದರು. ರನ್‌ವೇ ಕಣ್ಣೆದುರು ಕಾಣುವಾಗ ವಿಮಾನ ಭರ್ರೆಂದು ಮೇಲೇರಿತಂತೆ, ಮತ್ತೆ ಇಪ್ಪತ್ತು ನಿಮಿಷ ಸುತ್ತಿಸಿ ಇಳಿಸಿದರಂತೆ. "ಆ ಪೈಲಟ್‌ಗೆ ಇಳಿಸಲು ಬರುವುದಿಲ್ಲ ಮಾರಾಯ" ಅಂದರು. ಬರುತ್ತದೆ ಕಾಕ, ನಿಮ್ಮ ಪೈಲಟ್ ಆ ಗುಂಡಿ ಒತ್ತಿದ್ದು ಎಂದೆ.