ಹಳದೀಪುರದ ಅರುಣಾ ಮತ್ತು ಇಲ್ಲದ ಒಂದು ಕಾಲಂ

ದಿನವಿಡೀ ಡೇಟಾ ಜತೆ ಕೂರೋ ನನ್ನಂಥವರಿಗೆ ಒಂದು ಚಾಳಿ ಇರುತ್ತೆ. ಟೇಬಲ್ ತೆರೆದ ಕೂಡಲೇ ಯಾವ ಕಾಲಂ ಇಲ್ಲ ಅಂತ ಹುಡುಕ್ತೀವಿ. ಇಲ್ಲಿ ಲಾಸ್ ಗ್ಯಾಟೋಸ್‌ನ ಮನೆಯಲ್ಲಿ ಕೂತು ಅರುಣಾ ಶಾನಭಾಗ ಪ್ರಕರಣದ ಬಗ್ಗೆ ಓದುವಾಗಲೂ ಹಾಗೇ ಆಯ್ತು.

ಅರುಣಾ ಉತ್ತರ ಕನ್ನಡದ ಹಳದೀಪುರದವರು, ಮುಂಬೈನ ಕೆಇಎಂ ಆಸ್ಪತ್ರೆಯಲ್ಲಿ ನರ್ಸ್. 1973ರ ನವೆಂಬರ್ 27ರ ಸಂಜೆ ಅದೇ ಆಸ್ಪತ್ರೆಯ ಸ್ವೀಪರ್ ಒಬ್ಬ ನಾಯಿ ಕಟ್ಟುವ ಸರಪಳಿಯಿಂದ ಅವರ ಕುತ್ತಿಗೆ ಬಿಗಿದು ಲೈಂಗಿಕ ದೌರ್ಜನ್ಯ ಎಸಗಿದ. ಮಿದುಳಿಗೆ ಆಮ್ಲಜನಕ ತಪ್ಪಿತು. 25ರ ಹುಡುಗಿ ಮತ್ತೆ ಎದ್ದು ಓಡಾಡಲೇ ಇಲ್ಲ. ಅವನಿಗೆ ಶಿಕ್ಷೆಯಾದದ್ದು ಕೊಲೆ ಯತ್ನಕ್ಕೆ, ಸುಲಿಗೆಗೆ, ಏಳು ವರ್ಷ. ಲೈಂಗಿಕ ದೌರ್ಜನ್ಯದ ಆರೋಪ ಆ ಕೇಸಿನಲ್ಲೇ ಇರಲಿಲ್ಲ. ಇಲ್ಲದ ಕಾಲಂ ಅಂದ್ನಲ್ಲ, ಅದು ಇದೇ.

ಅದೇ ಹೊತ್ತಿಗೆ ಅಮೆರಿಕದ ಬಾಸ್ಟನ್‌ನಲ್ಲಿ ಈ ಕಾಲಂ ತುಂಬುವ ಕೆಲಸ ಶುರುವಾಗಿತ್ತು. ಮನೋರೋಗ ವಿಭಾಗದ ನರ್ಸ್ ಆನ್ ಬರ್ಜೆಸ್, ಸಮಾಜಶಾಸ್ತ್ರಜ್ಞೆ ಲಿಂಡಾ ಹೋಮ್‌ಸ್ಟ್ರಾಮ್ ಇಬ್ಬರೂ ಬಾಸ್ಟನ್ ಸಿಟಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಒಂದು ವರ್ಷದಲ್ಲಿ ಬಂದ 146 ಸಂತ್ರಸ್ತರನ್ನು ಮಾತಾಡಿಸಿದರು. ಮನೆಗೆ ಹೋದ ಮೇಲೂ ಫೋನ್ ಮಾಡಿ ವಿಚಾರಿಸಿದರು. 1974ರಲ್ಲಿ ಪ್ರಕಟವಾದ ಅವರ ಲೇಖನದಲ್ಲಿ ಒಂದು ಮಾತು ನನಗೆ ತುಂಬಾ ಮುಖ್ಯ ಅನ್ಸುತ್ತೆ: ಕೆಲವರು ಅತ್ತರು, ನಡುಗಿದರು, ಹೆಚ್ಚುಕಮ್ಮಿ ಅಷ್ಟೇ ಮಂದಿ ಏನೂ ಆಗಿಲ್ಲವೆಂಬಂತೆ ಶಾಂತವಾಗಿ ಕೂತಿದ್ದರು. ಅಂದ್ರೆ ‘ಅಳಲಿಲ್ಲ, ಹಾಗಾಗಿ ಸುಳ್ಳು ಹೇಳ್ತಿದ್ದಾಳೆ’ ಅನ್ನೋ ನಮ್ಮ ತರ್ಕಕ್ಕೆ ಬುಡವೇ ಇಲ್ಲ.

ಇವತ್ತಿನ ನರ್ಸಿಂಗ್ ಆರೈಕೆಯ ಯೋಜನೆ ಬೆಳೆದದ್ದು ಇಂಥ ತಿಳಿವಳಿಕೆಯ ಮೇಲೆ. ಮೊದಲು ಸುರಕ್ಷತೆ, ಗಾಯದ ಚಿಕಿತ್ಸೆ. ಪ್ರತಿ ಪರೀಕ್ಷೆಗೂ ಮುಂಚೆ ಒಪ್ಪಿಗೆ ಕೇಳೋದು. ಬೇಡ ಅಂದ್ರೆ ನಿಲ್ಲಿಸೋದು. ಎಚ್‌ಐವಿ ತಡೆಯುವ ಔಷಧವನ್ನು 72 ಗಂಟೆಯೊಳಗೆ ಶುರು ಮಾಡೋದು. ಆಕೆ ಹೇಳಿದ್ದನ್ನು ಆಕೆಯ ಮಾತಲ್ಲೇ ಬರೆದಿಡೋದು. ಹೊಡೆದವನು ಗಂಡನೇ ಆಗಿದ್ದರೆ ಇನ್ನೂ ಒಂದು ಪ್ರಶ್ನೆ: ಇವತ್ತು ರಾತ್ರಿ ನೀವು ಎಲ್ಲಿ ಮಲಗ್ತೀರಿ?

ನಮ್ಮ ಬೇ ಏರಿಯಾದಲ್ಲಿ ಈ ಪ್ರಶ್ನೆಯನ್ನು ನಮ್ಮ ಕಡೆಯ ಹೆಣ್ಣುಮಕ್ಕಳಿಗೆ ಅವರ ಭಾಷೆಯಲ್ಲಿ ಕೇಳೋಕೆ ಅಂತಲೇ 1991ರಲ್ಲಿ ‘ಮೈತ್ರಿ’ ಹುಟ್ಟಿತು. ಗಂಡನ ವೀಸಾದ ಮೇಲೆ ಬಂದು, ಸ್ವಂತ ಸಂಪಾದನೆಯೂ ಇಲ್ಲದವಳಿಗೆ ಮನೆ ಬಿಡೋದು ದೇಶ ಬಿಟ್ಟಷ್ಟೇ ಕಷ್ಟ.

ಇತ್ತ ಕೆಇಎಂನ ನಾಲ್ಕನೇ ವಾರ್ಡಿನಲ್ಲಿ ನರ್ಸ್‌ಗಳು ಅರುಣಾಗೆ ಊಟ ಮಾಡಿಸಿದರು, ಮೈ ಒರೆಸಿದರು, ಮಗ್ಗುಲು ಬದಲಿಸಿದರು. ತಲೆಮಾರು ಬದಲಾದರೂ ಆರೈಕೆ ನಿಲ್ಲಲಿಲ್ಲ. ದಯಾಮರಣದ ಅರ್ಜಿಯನ್ನು ಅವರು ವಿರೋಧಿಸಿದರು. 2011ರ ಮಾರ್ಚ್ 7ರಂದು ಸುಪ್ರೀಂ ಕೋರ್ಟ್ ಅರ್ಜಿ ತಳ್ಳಿಹಾಕಿ ಅವರ ಸೇವೆಯನ್ನು ಮೆಚ್ಚಿತು. ಅಷ್ಟು ವರ್ಷ ಮಲಗಿದ್ದರೂ ಹಾಸಿಗೆ ಹುಣ್ಣು ಆಗಿರಲಿಲ್ಲ. ಅರುಣಾಗೆ ಏನು ಬೇಕಿತ್ತು? ಕೇಳುವ ದಾರಿಯೇ ಇರಲಿಲ್ಲ. 2015ರ ಮೇ 18ರಂದು ಅವರು ತೀರಿಕೊಂಡರು.

2013ರಲ್ಲಿ ಅತ್ಯಾಚಾರದ ಕಾನೂನು ವ್ಯಾಖ್ಯೆ ಹಿಗ್ಗಿತು, ಸಂತ್ರಸ್ತರಿಗೆ ಉಚಿತ ಚಿಕಿತ್ಸೆ ಎಲ್ಲ ಆಸ್ಪತ್ರೆಗಳ ಹೊಣೆಯಾಯಿತು. 2014ರ ಕೇಂದ್ರ ಮಾರ್ಗಸೂಚಿ ‘ಎರಡು ಬೆರಳಿನ ಪರೀಕ್ಷೆ’ ಬೇಡವೆಂದಿತು. ಕಾಲಂ ಈಗ ಇದೆ. ಅದನ್ನು ತುಂಬೋದು ಮಾತ್ರ ರಾತ್ರಿ ಪಾಳಿಯಲ್ಲಿ ಕುರ್ಚಿ ಎಳೆದುಕೊಂಡು ಪಕ್ಕದಲ್ಲಿ ಕೂತು, ಆಕೆ ಮಾತಾಡೋವರೆಗೂ ಕಾಯುವ ಒಬ್ಬ ನರ್ಸ್.