ಮಧುಗಿರಿ ಸೀಮೆಯಲ್ಲಿ ಮಕ್ಕಳ ಇಂಗ್ಲಿಷ್ ವ್ಯಾಸಂಗ

ತುಮಕೂರು ಜಿಲ್ಲೆಯ ಉತ್ತರ ಭಾಗದ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಎಂಬ ನಾಲ್ಕು ತಾಲ್ಲೂಕುಗಳು ಇಲಾಖೆಯ ಆಡಳಿತದಲ್ಲಿ ಮಧುಗಿರಿ ಶೈಕ್ಷಣಿಕ ಜಿಲ್ಲೆಯೆಂದು ಒಂದುಗೂಡಿವೆ. ಮಳೆ ಅಲ್ಪವಾದ ಸೀಮೆ. ರಾಗಿ ಕಡಲೆಕಾಯಿಗಳನ್ನು ನಂಬಿದ ಒಕ್ಕಲು ಮನೆಗಳು ಬಹಳ. ಮಗುವಿಗೆ ನಾಲ್ಕಕ್ಷರ ಇಂಗ್ಲಿಷ್ ಬಂದರೆ ಬೆಂಗಳೂರಿನಲ್ಲಿ ಅನ್ನಕ್ಕೆ ದಾರಿಯಾದೀತೆಂಬ ನಂಬಿಕೆ ಈ ಮನೆಗಳಲ್ಲಿ ಬೇರೂರಿದೆ. ಅದು ಹುರುಳಿಲ್ಲದ ನಂಬಿಕೆಯಲ್ಲ. ಆದರೆ ಇಂಗ್ಲಿಷನ್ನು ಯಾವ ತರಗತಿಯಿಂದ ಕಲಿಸಬೇಕೆಂಬ ವಿಷಯದಲ್ಲಿ ನಾಡಿನಲ್ಲಿ ನಡೆದಷ್ಟು ವಾದವು, ಹೇಗೆ ಕಲಿಸಬೇಕೆಂಬ ವಿಷಯದಲ್ಲಿ ನಡೆದಿಲ್ಲ. ಇದರ ಕಾರಣವನ್ನು ಚರಿತ್ರೆಯಲ್ಲಿಯೇ ಹುಡುಕಬೇಕು.

ಕಚೇರಿಯ ಭಾಷೆ ಮನೆಯ ಭಾಷೆಗಿಂತ ಬೇರೆಯಾಗಿರುವುದು ಇಲ್ಲಿಯ ಜನಕ್ಕೆ ಹೊಸದಲ್ಲ. 1687 ರಲ್ಲಿ ಮೊಗಲರು ಶಿರಾವನ್ನು ಒಂದು ಸುಬೆಯ ರಾಜಧಾನಿಯನ್ನಾಗಿ ಮಾಡಿದ ಮೇಲೆ ಆಡಳಿತಕ್ಕೆ ಪಾರಸಿ ಬಂದಿತು. ಮುಂದೆ ಮೈಸೂರು ಸರ್ಕಾರದ ಲೆಕ್ಕಪತ್ರಗಳಲ್ಲಿ ಮರಾಠಿಯ ಬಳಕೆಯೂ ಇದ್ದಿತು. ಬರಹವೇ ಕಸುಬಾಗಿದ್ದ ಕೆಲವು ಮನೆತನದವರು ಆ ಭಾಷೆಗಳನ್ನು ಕಲಿತು ಉದ್ಯೋಗ ಹಿಡಿದರು. ಅರ್ಜಿ, ವಸೂಲಿ, ದರಖಾಸ್ತು ಎಂಬ ಮಾತುಗಳು ಬಾಯಿಗೆ ಬಂದುವೇ ಹೊರತು, ಉಳುವವನ ಮಗನಿಗೆ ಆ ವಿದ್ಯೆಯ ಗೊಡವೆಯಿರಲಿಲ್ಲ. ಇಂಗ್ಲಿಷೂ ಮೊದಲಿಗೆ ಇದೇ ಬಾಗಿಲಿನಿಂದ ಒಳಹೊಕ್ಕಿತು.

ಹಳ್ಳಿಯ ಮಕ್ಕಳಿಗೆ ಅಂದು ಇದ್ದದ್ದು ಐಗಳ ಮಠ. ಅಲ್ಲಿ ಮಗು ಮೊದಲು ಮರಳಿನ ಮೇಲೆ ಬೆರಳಿನಿಂದ ಅಕ್ಷರವನ್ನು ತೀಡುತ್ತ, ಅದರ ಧ್ವನಿಯನ್ನು ಗಟ್ಟಿಯಾಗಿ ಹೇಳುತ್ತ ಕಲಿಯುತ್ತಿದ್ದಿತು. ಕೈ ಕುದುರಿದ ಬಳಿಕ ಹಲಗೆ, ಆಮೇಲೆ ಕಡತ. ಹಿರಿಯ ಹುಡುಗನು ಕಿರಿಯನಿಗೆ ಹೇಳಿಕೊಡುತ್ತಿದ್ದನು. ಈ ಕ್ರಮವು ಸಮುದ್ರವನ್ನು ದಾಟಿದ ಸಂಗತಿ ಸ್ವಾರಸ್ಯವಾದದ್ದು. ಮದರಾಸಿನಲ್ಲಿ ಅನಾಥ ಬಾಲಕರ ಶಾಲೆಯನ್ನು ನೋಡಿಕೊಳ್ಳುತ್ತಿದ್ದ ಆಂಡ್ರೂ ಬೆಲ್ ಎಂಬ ಪಾದ್ರಿಯು, ನಾಡ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನ ಶಾಲೆಯಲ್ಲಿ ಅದನ್ನು ರೂಢಿಸಿದನು; 1797 ರಲ್ಲಿ ಆ ವಿಷಯವಾಗಿ ಲಂಡನ್ನಿನಲ್ಲಿ ಪುಸ್ತಕವನ್ನೂ ಪ್ರಕಟಿಸಿದನು. ಅನಂತರ ಇಂಗ್ಲೆಂಡಿನ ಬಡ ಮಕ್ಕಳು ಇಂಗ್ಲಿಷ್ ಅಕ್ಷರಗಳನ್ನು ಮರಳಿನಲ್ಲಿಯೇ ತೀಡಿ ಕಲಿತರು. ನಮ್ಮ ಸೀಮೆಗೆ ಇಂಗ್ಲಿಷ್ ಬಂದಾಗ ಮಾತ್ರ ಆ ಕ್ರಮ ಅದರ ಜೊತೆಗೆ ಹಿಂದಿರುಗಲಿಲ್ಲ.

ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು 1833 ರಲ್ಲಿ ಇಂಗ್ಲಿಷ್ ಶಾಲೆಯೊಂದನ್ನು ತೆರೆದರು. 1854 ರ ವುಡ್ ಸಾಹೇಬರ ಲೇಖನದ ಫಲವಾಗಿ 1857 ರಲ್ಲಿ ಮೈಸೂರು ಸೀಮೆಗೆ ವಿದ್ಯಾಭ್ಯಾಸದ ಇಲಾಖೆ ಏರ್ಪಟ್ಟಿತು. ಮುಂದೆ ಶಾಸನಗಳ ಸಂಶೋಧನೆಯಿಂದ ಹೆಸರಾದ ಲೂಯಿ ರೈಸ್ ಅವರು 1868 ರಲ್ಲಿ ಹೋಬಳಿಗೊಂದು ಶಾಲೆಯಿರಬೇಕೆಂಬ ಯೋಜನೆಯನ್ನು ಮಾಡಿದರು. ಹೋಬಳಿಯ ಶಾಲೆಯಲ್ಲಿ ಕನ್ನಡವೇ ಪಾಠದ ಭಾಷೆ. ಎರಡು ಭಾಷೆಗಳನ್ನೂ ಕಲಿಸುವ ಆಂಗ್ಲೋ-ವರ್ನಾಕ್ಯುಲರ್ ಶಾಲೆಗಳು ಊರು ದೊಡ್ಡದಾದ ಕಡೆ ಹುಟ್ಟಿಕೊಂಡುವು. ಜನರು ಅವನ್ನು ಎ. ವಿ. ಸ್ಕೂಲು ಎಂದು ಕರೆದರು. 1913 ರ ನಿಬಂಧನೆಯಿಂದ ಗೊತ್ತಾದ ಸ್ಥಳಗಳಲ್ಲಿ ಪ್ರಾಥಮಿಕ ಶಿಕ್ಷಣವನ್ನು ಕಡ್ಡಾಯ ಮಾಡಲು ಅವಕಾಶವಾದಾಗಲೂ ಆ ಶಿಕ್ಷಣ ದೇಶಭಾಷೆಯದೇ ಆಗಿತ್ತು.

ಆ ಕಾಲದಲ್ಲಿ ಇಂಗ್ಲಿಷ್ ತರಗತಿಗೆ ಬಂದ ಹುಡುಗನು ಕನ್ನಡ ಓದು ಬರಹಗಳನ್ನು ಮುಗಿಸಿ, ಹತ್ತು ವರ್ಷದವನಾಗಿ, ಕೆಲಸದ ಆಸೆಯಿಂದ ಬಂದವನು. ಅವನಿಗೆ ಕಾಗುಣಿತವನ್ನು ಉರುಹೊಡೆಸಿ, ವ್ಯಾಕರಣವನ್ನು ಹೇಳಿ, ಭಾಷಾಂತರ ಮಾಡಿಸಿದರೆ ಸಾಕಾಗುತ್ತಿದ್ದಿತು. ಮಾಡಲಾರದವನು ಶಾಲೆ ಬಿಟ್ಟು ಹೊಲಕ್ಕೆ ಹೋಗುತ್ತಿದ್ದನು. ಅವನನ್ನು ಯಾರೂ ಎಣಿಸುತ್ತಿರಲಿಲ್ಲ.

ಸ್ವಾತಂತ್ರ್ಯಾನಂತರ ಬಹುಕಾಲ ಸರ್ಕಾರದ ಕನ್ನಡ ಶಾಲೆಗಳಲ್ಲಿ ಐದನೆಯ ತರಗತಿಯಿಂದ ಇಂಗ್ಲಿಷ್ ಆರಂಭವಾಗುತ್ತಿದ್ದಿತು. ಗೋಕಾಕರ ಸಮಿತಿಯು 1981 ರಲ್ಲಿ ವರದಿಯನ್ನು ಒಪ್ಪಿಸಿತು. 1994 ರ ಆಜ್ಞೆಯು ಮೊದಲ ನಾಲ್ಕು ತರಗತಿಗಳಿಗೆ ಮಾತೃಭಾಷೆ ಇಲ್ಲವೆ ಕನ್ನಡವೇ ಮಾಧ್ಯಮವೆಂದಿತು. 2014 ರಲ್ಲಿ ಸರ್ವೋಚ್ಚ ನ್ಯಾಯಾಲಯವು ಮಾತೃಭಾಷೆಯ ಮಾಧ್ಯಮವನ್ನು ಬಲವಂತಪಡಿಸಲಾಗದೆಂದು ತೀರ್ಪಿತ್ತಿತು. ಇದರ ನಡುವೆಯೇ 2007-08 ರಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷ್ ಒಂದು ವಿಷಯವಾಯಿತು. 2019 ರಲ್ಲಿ ಸಾವಿರ ಸರ್ಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗಗಳು ತೆರೆದುವು. ಹೀಗೆ ಹತ್ತು ವರ್ಷದ ಹುಡುಗನ ಪಾಠವು ಆರು ವರ್ಷದ ಮಗುವಿನ ಬಳಿಗೆ ಇಳಿದು ಬಂದಿತು. ಕೆಲವರ ವಿದ್ಯೆ ಎಲ್ಲರ ಹಕ್ಕಾಯಿತು. ಪಾಠ ಹೇಳುವ ರೀತಿ ಮಾತ್ರ ಅನೇಕ ಶಾಲೆಗಳಲ್ಲಿ ಹತ್ತು ವರ್ಷದವನಿಗಾಗಿ ಹುಟ್ಟಿದ ಹಳೆಯ ರೀತಿಯೇ ಆಗಿ ಉಳಿಯಿತು. ಇಂದಿನ ತೊಡಕಿನ ಮೂಲ ಇದೇ.

ತೊಡಕು ಎಂತಹದೆಂಬುದನ್ನು ಮಗುವಿನ ಸ್ಲೇಟಿನಲ್ಲಿಯೇ ನೋಡಬಹುದು. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಧ್ವನಿ. ‘ಮ’, ‘ರ’ ಎಂಬ ಎರಡನ್ನು ಬಲ್ಲ ಮಗು ‘ಮರ’ವನ್ನು ತಾನಾಗಿ ಓದುತ್ತದೆ. ಇಂಗ್ಲಿಷಿನಲ್ಲಿ ‘ಸಿ’ ಎಂಬ ಅಕ್ಷರವು ಕ್ಯಾಟ್ ಎಂಬಲ್ಲಿ ಕಕಾರ, ಸಿಟಿ ಎಂಬಲ್ಲಿ ಸಕಾರ. ಬಟ್, ಪುಟ್ ಎಂಬ ಎರಡು ಮಾತುಗಳಿಗೂ ನಡುವಣ ಸ್ವರಾಕ್ಷರ ಒಂದೇ, ಉಚ್ಚಾರಣೆ ಬೇರೆ. ಆದಕಾರಣ ಇಪ್ಪತ್ತಾರು ಅಕ್ಷರಗಳನ್ನು ಅಂದವಾಗಿ ಬರೆಯಬಲ್ಲ ಮಗುವಿಗೆ ಒಂದು ಮಾತನ್ನೂ ಓದಲು ಬಾರದಿರಬಹುದು. ಪುಸ್ತಕ ತುಂಬ ನಕಲು ಇರುವುದನ್ನು ಕಂಡು ಮನೆಯವರು ಹಿಗ್ಗುತ್ತಾರೆ. ಮಗುವಿನ ಕಷ್ಟ ಐದಾರು ವರ್ಷಗಳ ಮೇಲೆ ಹೊರಬೀಳುತ್ತದೆ.

ಈ ನಾಲ್ಕು ತಾಲ್ಲೂಕುಗಳಲ್ಲಿ ಇದಕ್ಕೆ ಇನ್ನೊಂದು ಗಂಟು ಸೇರಿದೆ. ಬಹುಪಾಲು ಆಂಧ್ರದ ಸೀಮೆಯಿಂದ ಸುತ್ತುವರಿದ ಪಾವಗಡದಲ್ಲಿ ಅನೇಕ ಮನೆಗಳ ಮಾತು ತೆಲುಗು. ಶಿರಾ ಪಟ್ಟಣದಲ್ಲಿ ಉರ್ದು ಮಾತಿನ ಮನೆಗಳಿವೆ. ಒಂದು ಮಗುವಿಗೆ ನೀರು, ಒಂದಕ್ಕೆ ನೀಳ್ಳು, ಒಂದಕ್ಕೆ ಪಾನಿ; ಅವರೆಲ್ಲರಿಗೂ ‘ವಾಟರ್’ ಕಲಿಸಬೇಕಾದ ಉಪಾಧ್ಯಾಯರು ಒಬ್ಬರೇ. ತೆಲುಗು ಮನೆಯ ಮಗುವಿಗೆ ಕನ್ನಡವೇ ಎರಡನೆಯ ಭಾಷೆ. ಉರ್ದು ಶಾಲೆಯ ಮಗುವಿನ ಕೈಯಂತೂ ಬಲದಿಂದ ಎಡಕ್ಕೆ ಬರೆದು ಪಳಗಿ, ಇಂಗ್ಲಿಷಿಗಾಗಿ ಎಡದಿಂದ ಬಲಕ್ಕೆ ತಿರುಗಬೇಕು. ಮಗುವಿನ ಮನೆಮಾತನ್ನು ಹೊರಗಿಟ್ಟು ಪಾಠ ಹೇಳಿದರೆ ತಿಳಿಯದ ಒಂದು ಮಾತನ್ನು ತಿಳಿಯದ ಇನ್ನೊಂದು ಮಾತಿನಿಂದ ವಿವರಿಸಿದಂತಾಗುತ್ತದೆ.

ದಾರಿ ಇಲ್ಲವೆಂದಲ್ಲ. ಬೆಂಗಳೂರಿನಲ್ಲಿ 1963 ರಲ್ಲಿ ಸ್ಥಾಪಿತವಾದ ಪ್ರಾದೇಶಿಕ ಇಂಗ್ಲಿಷ್ ಸಂಸ್ಥೆಯು ದಕ್ಷಿಣ ದೇಶದ ಉಪಾಧ್ಯಾಯರಿಗೆ ಶಿಕ್ಷಣ ಕೊಡುತ್ತ ಬಂದಿದೆ. ಎನ್. ಎಸ್. ಪ್ರಭು ಅವರು 1979 ರಿಂದ 1984 ರವರೆಗೆ ದಕ್ಷಿಣ ಭಾರತದ ಸಾಮಾನ್ಯ ಶಾಲೆಗಳಲ್ಲಿಯೇ ಒಂದು ಪ್ರಯೋಗವನ್ನು ನಡೆಸಿದರು. ವ್ಯಾಕರಣವನ್ನು ಮುಂದಿಡದೆ, ರೈಲಿನ ವೇಳಾಪಟ್ಟಿ, ಊರಿನ ನಕ್ಷೆ ಮೊದಲಾದುವನ್ನು ಕೊಟ್ಟು, ಚಿಕ್ಕ ಚಿಕ್ಕ ಸಮಸ್ಯೆಗಳನ್ನು ಮಕ್ಕಳಿಂದ ಬಿಡಿಸಿದರು. ಅರ್ಥದ ಮೇಲೆ ಮನಸ್ಸು ನಿಂತಾಗ ಭಾಷೆ ತಾನಾಗಿ ಒಲಿಯುತ್ತದೆಂಬ ಈ ಕ್ರಮವನ್ನು ಹೊರದೇಶಗಳ ವಿದ್ವಾಂಸರೂ ಗಮನವಿಟ್ಟು ಓದಿದರು. ಹಳ್ಳಿಯ ಮಗುವಿನ ಬಾಯಲ್ಲಿ ಬಸ್ಸು, ಪೆನ್ನು, ಲೈಟು, ಬೋರ್‌ವೆಲ್ಲು ಮೊದಲಾದ ಮಾತುಗಳು ಆಗಲೇ ಇವೆ. ಇವುಗಳಿಂದ ಹೊರಟು, ಕಿವಿಗೂ ನಾಲಗೆಗೂ ಮೊದಲು ಕೆಲಸ ಕೊಟ್ಟು, ತರುವಾಯ ಧ್ವನಿಯನ್ನು ಅಕ್ಷರಕ್ಕೆ ಹೊಂದಿಸಿದರೆ ಆರು ವರ್ಷದ ಮಗುವಿಗೂ ಪಾಠ ಹೊರೆಯಾಗದು. ಮಧುಗಿರಿಯಲ್ಲಿರುವ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಗೆ ಇದಕ್ಕಿಂತ ತಕ್ಕ ಕೆಲಸ ಮತ್ತೊಂದಿರಲಾರದು.

ಇದೇ ಜಿಲ್ಲೆಯ ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು ಇಂಗ್ಲಿಷಿನ ಪ್ರಾಧ್ಯಾಪಕರಾಗಿದ್ದುಕೊಂಡೇ ಕನ್ನಡದ ನವೋದಯಕ್ಕೆ ದಾರಿ ತೋರಿದರು. 1911 ರಲ್ಲಿಯೇ ಧಾರವಾಡದಲ್ಲಿ ಕನ್ನಡವು ತಲೆಯೆತ್ತುವ ಬಗೆಯನ್ನು ಕುರಿತು ಉಪನ್ಯಾಸ ಮಾಡಿದರು. ಎರಡು ಭಾಷೆಗಳೂ ಒಬ್ಬರಲ್ಲಿ ಒಂದನ್ನೊಂದು ಪೋಷಿಸಬಲ್ಲವೆಂಬುದಕ್ಕೆ ಅವರ ಬಾಳೇ ಸಾಕ್ಷಿ. ಅಂದು ಅಂತಹವರು ಎಲ್ಲೋ ಒಬ್ಬಿಬ್ಬರಾದರೆ ಸಾಕಾಗಿತ್ತು. ಇಂದು ಪಾವಗಡದ ಕೊನೆಯ ಹಳ್ಳಿಯ ಮಗುವೂ ಆ ಪಾಠಕ್ಕೆ ಕುಳಿತಿದೆ. ಆ ಮಗುವಿಗೆ ಒಗ್ಗುವಂತೆ ಪಾಠವನ್ನು ಹೊಸದಾಗಿ ಕಟ್ಟುವ ಹೊಣೆ ನಾಡಿನ ವಿದ್ಯಾವಂತರ ಮೇಲಿದೆ.